ಹದಿಹರೆಯದ ವಾಚಕರೂ ಅಮಾನುಷ ಪ್ರಣಯದ ಕಾದಂಬರಿಗಳೂ

ಪಾಠಪುಸ್ತಕದ ಮರೆಯಲ್ಲಿ ಬೇರೊಂದು ಪುಸ್ತಕವನ್ನಿಟ್ಟುಕೊಂಡು ಓದುತ್ತಿರುವ ವಿದ್ಯಾರ್ಥಿಯನ್ನು ಹಿಡಿದ ಅನುಭವ ನಮ್ಮ ಅಧ್ಯಾಪಕ ಮಿತ್ರರಲ್ಲಿ ಯಾರಿಗಿಲ್ಲ? ನಾವು ಹುಡುಗರಾಗಿದ್ದಾಗ ಆ ಮರೆಯ ಪುಸ್ತಕವು ಬಹುಮಟ್ಟಿಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಯಾಗಿರುತ್ತಿತ್ತು. ಹಿಡಿದವರು ಕಿವಿ ಹಿಂಡಿ ಅದನ್ನು ಕಸಿದುಕೊಂಡು ರಾತ್ರಿ ತಾವೇ ಓದಿ ಮುಗಿಸುತ್ತಾರೆಂಬ ಗುಮಾನಿ ನಮಗೆಲ್ಲ ಇತ್ತು. ಆ ಗುಮಾನಿ ನಿಜವೆಂದು ಒಪ್ಪಿಕೊಳ್ಳುವ ಸರದಿ ಈಗ ನಮ್ಮದಾಗಿದೆ.

ಕಳೆದ ಮಳೆಗಾಲದಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಭೂಪಟದ ಪುಸ್ತಕದೊಳಗಿಂದ ನಮ್ಮ ಕೈಗೆ ಸಿಕ್ಕಿದ್ದು ಕಪ್ಪು ಹೊದಿಕೆಯ ದಪ್ಪನೆಯ ಇಂಗ್ಲಿಷ್ ಕಾದಂಬರಿ. ಮುಖಪುಟದಲ್ಲಿ ಎರಡು ಬಿಳಿಯ ಕೈಗಳು. ಆ ಕೈಗಳ ಬೊಗಸೆಯಲ್ಲಿ ಒಂದು ಕೆಂಪು ಸೇಬು. ಹೆಸರು 'ಟ್ವೈಲೈಟ್', ಎಂದರೆ ಮುಸ್ಸಂಜೆ. ಬರೆದಾಕೆ ಸ್ಟೆಫನಿ ಮೇಯರ್ ಎಂಬ ಅಮೆರಿಕದ ಲೇಖಕಿ. ಪುಸ್ತಕವನ್ನು ಕಚೇರಿಯ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆವು. ಸಂಜೆ ಇಂಗ್ಲಿಷ್ ಅಧ್ಯಾಪಕರು ಬಂದು, "ಸರ್, ಆ ಹುಡುಗಿ ನನ್ನ ಕ್ಲಾಸಿನಲ್ಲಿ ಒಂದು ಪ್ಯಾರಾ ಗಟ್ಟಿಯಾಗಿ ಓದು ಅಂದ್ರೆ ತಲೆ ತಗ್ಗಿಸಿ ನಿಲ್ತಾಳೆ. ಇದರಲ್ಲಿ ಮುನ್ನೂರನೇ ಪುಟದಲ್ಲಿ ಗುರುತಿಟ್ಟಿದ್ದಾಳೆ, ನೋಡಿದ್ರಾ?" ಎಂದರು. ನೋಡಿದೆವು. ಗುರುತಿಗೆ ಇಟ್ಟದ್ದು ಬಸ್ಸಿನ ಟಿಕೇಟು. ಅಂಚುಗಳಲ್ಲೆಲ್ಲ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದ ಶಬ್ದಾರ್ಥಗಳು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ, ಹೀಗೆ ಮೂರು ಭಾಷೆಗಳ ನಡುವೆ ಬೆಳೆದ ಕಾಸರಗೋಡು ಸೀಮೆಯ ಹುಡುಗಿ, ಯಾರೂ ಹೇಳದೆ, ಅಂಕಗಳ ಆಸೆಯಿಲ್ಲದೆ, ನಾಲ್ಕನೆಯ ಭಾಷೆಯ ಐನೂರು ಪುಟದ ಗ್ರಂಥಕ್ಕೆ ಕೈಹಾಕಿದ್ದಳು. ಆ ರಾತ್ರಿ ನಾವೂ ಕೈಹಾಕಿದೆವು. ಮುಂದಿನ ಭಾಗಗಳನ್ನೂ ಅದೇ ಜಾತಿಯ ಬೇರೆ ಕೆಲವು ಕಾದಂಬರಿಗಳನ್ನೂ ಓದಿದ ಮೇಲೆ ಮೂಡಿದ ಅಭಿಪ್ರಾಯಗಳನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ. ಇದು ಆ ಸಾಹಿತ್ಯರಾಶಿಯ ಸಮಗ್ರ ವಿಮರ್ಶೆಯೆಂದು ಯಾರೂ ಭಾವಿಸಬಾರದು.

ಬಾಲಕರಿಗೂ ಅಲ್ಲದ, ಪ್ರೌಢರಿಗೂ ಅಲ್ಲದ, ನಡುವಿನ ಹರೆಯದವರಿಗೆಂದೇ ಕಾದಂಬರಿಗಳನ್ನು ಬೇರೆಯಾಗಿ ವಿಂಗಡಿಸುವ ಪದ್ಧತಿ ಅಮೆರಿಕದಲ್ಲಿ ಬೇರೂರಿದ್ದು ಹೆಚ್ಚಾಗಿ ಗ್ರಂಥಪಾಲಕರ ದೆಸೆಯಿಂದ. ಅಲ್ಲಿನ ಗ್ರಂಥಾಲಯ ಸಂಘವು 1957ರಲ್ಲಿ ಈ ವಯಸ್ಸಿನ ವಾಚಕರ ಸೇವೆಗೆಂದು ಪ್ರತ್ಯೇಕ ಶಾಖೆಯನ್ನು ತೆರೆಯಿತು. ಎಸ್.ಇ. ಹಿಂಟನ್ ಎಂಬಾಕೆ ಹೈಸ್ಕೂಲಿನಲ್ಲಿರುವಾಗಲೇ ಬರೆದ 'ದಿ ಔಟ್‌ಸೈಡರ್ಸ್' 1967ರಲ್ಲಿ ಅಚ್ಚಾಯಿತು. ಅಲ್ಲಿಂದೀಚೆಗೆ 'ಯಂಗ್ ಅಡಲ್ಟ್' ಎಂಬುದು ಒಂದು ದೊಡ್ಡ ವ್ಯಾಪಾರವೇ ಆಗಿ ಬೆಳೆದಿದೆ. ನಮ್ಮಲ್ಲಿ ಪಂಜೆಯವರ ಕಥೆ ಹಾಡುಗಳಿಂದಲೂ ಕುವೆಂಪು ಅವರ ಕಿಂದರಿಜೋಗಿಯಿಂದಲೂ ಹೊರಟ ಮಗು ಒಮ್ಮೆಲೇ ಕಾರಂತರ ಕಾದಂಬರಿಗಳಿಗೆ ಹಾರಬೇಕು. ನಡುವೆ ಇರಬೇಕಾದ ಮೆಟ್ಟಿಲುಗಳು ಬಹಳ ಕಡಿಮೆ. ತೇಜಸ್ವಿಯವರ 'ಕರ್ವಾಲೊ' (1980) ಆ ಎಡೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ, ಆದರೆ ಅದನ್ನು ಅವರು ಹದಿಹರೆಯದವರಿಗೆಂದು ಬರೆದದ್ದಲ್ಲ. ಮೆಟ್ಟಿಲಿಲ್ಲದ ಕಡೆ ಮಕ್ಕಳು ಪಕ್ಕದ ಮನೆಯ ಏಣಿಯನ್ನು ತಂದು ಹತ್ತುತ್ತಾರೆ. ಅವರನ್ನು ಬೈದು ಫಲವೇನು?

ಈ ಏಣಿಯ ಚರಿತ್ರೆಯನ್ನು ಸ್ವಲ್ಪ ನೋಡತಕ್ಕದ್ದು. ಯುರೋಪಿನ ಕಾದಂಬರಿಗಳ ರಕ್ತಪಿಶಾಚಿ ಮೊದಲಿಗೆ ಪ್ರಿಯತಮನಾಗಿರಲಿಲ್ಲ. 1816ರ ಮಳೆ ಬಿಡದ ಬೇಸಿಗೆಯಲ್ಲಿ ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಬೈರನ್, ಶೆಲ್ಲಿ ಮೊದಲಾದವರು ಪಿಶಾಚಕಥೆಗಳ ಪಂದ್ಯ ಹೂಡಿದರು. ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್' ಅಲ್ಲಿ ಹುಟ್ಟಿದ ಸಂಗತಿ ಎಲ್ಲರಿಗೂ ಗೊತ್ತು. ಬೈರನ್ನನ ವೈದ್ಯನಾಗಿದ್ದ ಪಾಲಿಡೊರಿಯ 'ದಿ ವ್ಯಾಂಪೈರ್' (1819) ಕಥೆಯ ಬೇರೂ ಅಲ್ಲಿಯದೇ. ಹಳ್ಳಿಗರ ಕಲ್ಪನೆಯಲ್ಲಿ ಊದಿಕೊಂಡ ಹೆಣವಾಗಿದ್ದ ಪಿಶಾಚಿಗೆ ಪಾಲಿಡೊರಿ ಶ್ರೀಮಂತನ ಉಡುಪು ತೊಡಿಸಿದ. 1872ರ ಹೊತ್ತಿಗೆ ಲೆ ಫನು ಬರೆದ 'ಕಾರ್ಮಿಲ್ಲಾ'ದಲ್ಲಿ ಅದು ತರುಣಿಯಾಗಿ ಬಂದು ಮತ್ತೊಬ್ಬ ತರುಣಿಯನ್ನು ಮೋಹಿಸಿತು. 1897ರಲ್ಲಿ ಸ್ಟೋಕರನ 'ಡ್ರಾಕುಲಾ'. ಬಿಸಿಲು ತಾಗಿದರೆ ಪಿಶಾಚಿ ಸಾಯುತ್ತದೆಂಬ ನಂಬಿಕೆ ಸ್ಟೋಕರನದಲ್ಲ, ಅವನ ಡ್ರಾಕುಲಾ ಹಗಲಿನಲ್ಲಿಯೂ ಲಂಡನ್ನಿನ ಬೀದಿಯಲ್ಲಿ ಓಡಾಡುತ್ತಾನೆ. ಅದು 1922ರ 'ನೊಸ್ಫೆರಾಟು' ಎಂಬ ಮೂಕಚಿತ್ರದಿಂದ ಬಂದ ಸೇರಿಕೆ. 1976ರಲ್ಲಿ ಆನ್ ರೈಸ್ ಪಿಶಾಚಿಯ ಬಾಯಿಂದಲೇ ಅವನ ಆತ್ಮಕಥೆಯನ್ನು ಹೇಳಿಸಿದಳು. ಪಾತಕಿ ಪಶ್ಚಾತ್ತಾಪಿಯಾದ, ಪಶ್ಚಾತ್ತಾಪಿ ವರನಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಇಲ್ಲಿ ಒಂದು ಉಪಕಥೆ. ರಿಚರ್ಡ್ ಬರ್ಟನ್ 1870ರಲ್ಲಿ ನಮ್ಮ ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳಕ್ಕೆ 'ವ್ಯಾಂಪೈರ್' ಎಂದೇ ಹೆಸರಿಟ್ಟ. ಇದು ತಪ್ಪು. ನಮ್ಮ ಬೇತಾಳ ಯಾರ ರಕ್ತವನ್ನೂ ಹೀರಲು ಬಂದವನಲ್ಲ. ಹೆಣದಲ್ಲಿ ನೆಲೆಸಿ, ಹೆಗಲ ಮೇಲೆ ಕುಳಿತು, ನ್ಯಾಯದ ಪ್ರಶ್ನೆ ಕೇಳುವವನು. ಬರ್ಟನ್ನನಿಗೆ ತಲೆಬರಹಕ್ಕೆ ಬೇಕಾಗಿದ್ದುದು ರಕ್ತವೇ ಇರಬೇಕು.

ಆ ಬೇತಾಳ ಕಥೆಗಳನ್ನು ಸಂಸ್ಕೃತದಲ್ಲಿ ಹೇಳಿದವರಲ್ಲಿ ಸೋಮದೇವನಷ್ಟು ಹೆಸರಾಗದ ಮತ್ತೊಬ್ಬನಿದ್ದಾನೆ: ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ. ಅವನ 'ಬೃಹತ್ಕಥಾಮಂಜರಿ'ಯಲ್ಲಿ ಬೇತಾಳನೂ ವಿದ್ಯಾಧರರೂ ಯಕ್ಷಿಯರೂ ಧಾರಾಳವಾಗಿ ಓಡಾಡುತ್ತಾರೆ. 'ಔಚಿತ್ಯವಿಚಾರಚರ್ಚೆ'ಯನ್ನು ಬರೆದವನೂ ಇದೇ ಕ್ಷೇಮೇಂದ್ರ. ಅದ್ಭುತವನ್ನು ಅಷ್ಟು ಉತ್ಸಾಹದಿಂದ ಹೇಳಿದವನೇ ಔಚಿತ್ಯವೆಂಬುದು ಕಾವ್ಯದ ಜೀವವೆಂದು ವಾದಿಸಿದನೆಂಬುದನ್ನು ನಾವು ಮರೆಯಬಾರದು. ಅದ್ಭುತಕ್ಕೆ ಔಚಿತ್ಯ ಬೇಡ, ಏನು ಬೇಕಾದರೂ ನಡೆಯಬಹುದು ಎಂಬ ಇಂದಿನ ಧೋರಣೆಯನ್ನು ಅವನು ಒಪ್ಪುತ್ತಿರಲಿಲ್ಲ. ನಿಜವಾಗಿ ನೋಡಿದರೆ, ಅಡುಗೆಮನೆಯ ಕಥೆಗಿಂತ ಅದ್ಭುತ ಕಥೆಗೇ ಕಟ್ಟುಪಾಡು ಹೆಚ್ಚು ಬೇಕು. ತ್ರಿವಿಕ್ರಮಸೇನ ರಾಜನಿಗೆ ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ. ಬಾಯಿ ತೆರೆದರೆ ಬೇತಾಳ ಮರಳಿ ಮರಕ್ಕೆ ಹೋಗುತ್ತದೆ. ಈ ಇಕ್ಕಟ್ಟನ್ನು ತೆಗೆದುಬಿಡಿ, ಉಳಿಯುವುದು ಹೆಣ ಹೊತ್ತು ನಡೆಯುವ ಒಬ್ಬ ಮನುಷ್ಯ ಮಾತ್ರ.

ಈ ಅಳತೆಗೋಲನ್ನು ಹಿಡಿದು ಹೋದರೆ ತರುಣರ ಅದ್ಭುತ ಕಾದಂಬರಿಗಳಲ್ಲಿ ನಮಗೆ ಮೊದಲು ನಿಲ್ಲುವುದು ಅರ್ಸುಲಾ ಲೆ ಗ್ವಿನ್ ಬರೆದ 'ಎ ವಿಜರ್ಡ್ ಆಫ್ ಅರ್ತ್‌ಸೀ' (1968). ಹದಿಹರೆಯದವರಿಗೆ ಒಂದು ಪುಸ್ತಕ ಬರೆದುಕೊಡಿರೆಂದು ಪ್ರಕಾಶಕರು ಕೇಳಿದ್ದರಿಂದ ಆಕೆ ಬರೆದದ್ದು. ಗೆಡ್ ಎಂಬ ಆಡು ಕಾಯುವ ಹುಡುಗ ಮಂತ್ರವಿದ್ಯೆಯ ಶಾಲೆಗೆ ಸೇರುತ್ತಾನೆ; ಸಹಪಾಠಿಯ ಮೇಲಿನ ಹಟಕ್ಕಾಗಿ ಸತ್ತವರ ಆತ್ಮವನ್ನು ಕರೆಯಲು ಹೋಗಿ ಒಂದು ಕರಿನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಮುಂದಿನದೆಲ್ಲ ಆ ನೆರಳಿನಿಂದ ಓಡುವುದು, ಆಮೇಲೆ ತಿರುಗಿ ನಿಂತು ಅದನ್ನೇ ಬೆನ್ನಟ್ಟುವುದು. ಕೊನೆಯಲ್ಲಿ ಅವನು ನೆರಳನ್ನು ಅದರ ಹೆಸರು ಹಿಡಿದು ಕರೆಯುತ್ತಾನೆ. ಆ ಹೆಸರು ಅವನದೇ. ಈ ಲೋಕದಲ್ಲಿ ಮಂತ್ರಕ್ಕೆ ಬೆಲೆಯುಂಟು: ಒಂದು ದ್ವೀಪಕ್ಕೆ ಮಳೆ ಕರೆದರೆ ಇನ್ನೊಂದರಲ್ಲಿ ಬರ ಬಂದೀತೆಂದು ಗುರುಗಳು ಎಚ್ಚರಿಸುತ್ತಾರೆ. ಹದಿನೈದರ ಹುಡುಗನಿಗೆ ತನ್ನ ಸಿಟ್ಟು, ತನ್ನ ಹಮ್ಮು, ತನ್ನ ನಾಚಿಕೆ ಎಂಥವೆಂಬುದನ್ನು ನಮ್ಮ ನೀತಿಪಾಠಗಳು ಈ ನೆರಳಿನಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟದ್ದನ್ನು ನಾವು ಕಂಡಿಲ್ಲ. ಮಂತ್ರವಿದ್ಯೆಯ ಶಾಲೆಯೆಂದರೆ ಎಲ್ಲರಿಗೂ ನೆನಪಾಗುವುದು 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಬಂದ ಹ್ಯಾರಿ ಪಾಟರ್. ಲವಲವಿಕೆಯ ಬರಹ, ಶಾಲೆಯ ಊಟದ ಮನೆಯ ಗದ್ದಲವನ್ನು ಅದರಷ್ಟು ಚೆನ್ನಾಗಿ ಯಾರೂ ಬರೆದಿಲ್ಲ. ಹೆಚ್ಚಿಗೆ ಹೇಳಬೇಕಾದ್ದಿಲ್ಲ, ಅದನ್ನು ಹೊಗಳುವ ಜನ ಸಾಕಷ್ಟು ಇದ್ದಾರೆ.

ಇನ್ನು 'ಟ್ವೈಲೈಟ್'. 2003ರ ಜೂನ್ 2ರಂದು ಬಿದ್ದ ಒಂದು ಕನಸಿನಿಂದ ಕಥೆ ಹುಟ್ಟಿತೆಂದು ಲೇಖಕಿಯೇ ಹೇಳಿಕೊಂಡಿದ್ದಾಳೆ. 2005ರಲ್ಲಿ ಮೊದಲ ಸಂಪುಟ ಬಂತು. 2006, 2007, 2008ರಲ್ಲಿ ವರ್ಷಕ್ಕೊಂದರಂತೆ ಉಳಿದ ಮೂರು. ಹತ್ತು ಕೋಟಿಗೂ ಮೀರಿ ಪ್ರತಿಗಳು ಮಾರಾಟವಾದುವು. ಬೆಲ್ಲಾ ಎಂಬ ಹದಿನೇಳರ ಹುಡುಗಿ ಬಿಸಿಲೂರಾದ ಫೀನಿಕ್ಸಿನಿಂದ, ವರ್ಷಕ್ಕೆ ನೂರು ಅಂಗುಲಕ್ಕೂ ಮಿಕ್ಕಿ ಮಳೆ ಬೀಳುವ ಫೋರ್ಕ್ಸ್ ಎಂಬ ಸಣ್ಣ ಊರಿಗೆ ತಂದೆಯ ಜತೆ ಇರಲು ಬರುತ್ತಾಳೆ. ಶಾಲೆಯಲ್ಲಿ ಎಡ್ವರ್ಡ್ ಎಂಬ ಸುಂದರ ತರುಣನನ್ನು ಕಾಣುತ್ತಾಳೆ. ಅವನು ಹುಟ್ಟಿದ್ದು 1901ರಲ್ಲಿ. 1918ರ ಇನ್‌ಫ್ಲುಯೆಂಜಾ ಮಾರಿಯಲ್ಲಿ ಸಾಯುತ್ತಿದ್ದವನನ್ನು ಒಬ್ಬ ವೈದ್ಯಪಿಶಾಚಿ ತನ್ನಂತೆ ಮಾಡಿಕೊಂಡ. ಅಂದಿನಿಂದ ಅವನಿಗೆ ಹದಿನೇಳೇ. ಶತಮಾನ ಕಳೆದರೂ ಮತ್ತೆ ಮತ್ತೆ ಹೈಸ್ಕೂಲಿನ ಬೆಂಚಿನ ಮೇಲೆ ಕುಳಿತುಕೊಳ್ಳುವ ಹಣೆಬರಹ! ಮುಖ್ಯೋಪಾಧ್ಯಾಯರಾದ ನಮಗೆ ಇದಕ್ಕಿಂತ ಭಯಂಕರವಾದ ಶಾಪ ಹೊಳೆಯದು. ಆದರೆ ಲೇಖಕಿ ಇದನ್ನು ಶಾಪವೆಂದು ಬಗೆದಂತೆ ಕಾಣುವುದಿಲ್ಲ.

ನಮ್ಮ ಮುಖ್ಯ ಆಕ್ಷೇಪ ಇಲ್ಲಿಯೇ. ಪಿಶಾಚಿಯಿಂದ ಪಿಶಾಚತ್ವದ ಬೆಲೆಯನ್ನು ಒಂದೊಂದಾಗಿ ಕಳಚಿಹಾಕಲಾಗಿದೆ. ಈ ಕುಟುಂಬ ಮನುಷ್ಯರ ರಕ್ತ ಕುಡಿಯುವುದಿಲ್ಲ, ಕಾಡಿನ ಮೃಗಗಳದ್ದೇ ಸಾಕು. ಬಿಸಿಲಿನಲ್ಲಿ ಇವರು ಸುಟ್ಟುಹೋಗುವುದಿಲ್ಲ, ವಜ್ರದಂತೆ ಮಿಂಚುತ್ತಾರೆ. ಸಂಪತ್ತಿಗೆ ಕೊರತೆಯಿಲ್ಲ, ಮುಪ್ಪಿಲ್ಲ. ನಾಲ್ಕನೆಯ ಸಂಪುಟದಲ್ಲಿ ಬೆಲ್ಲಾಳಿಗೆ ಗಂಡ, ಮಗು, ಸೌಂದರ್ಯ, ಅಮರತ್ವ ಎಲ್ಲ ದೊರೆಯುತ್ತವೆ. ತ್ಯಜಿಸಬೇಕಾದೀತೆಂದು ಭಯಪಟ್ಟಿದ್ದ ತಂದೆಯನ್ನೂ ಆಕೆ ಕಳೆದುಕೊಳ್ಳುವುದಿಲ್ಲ. ನೂರಾರು ಪುಟಗಳ ಸಿದ್ಧತೆಯಾದ ಮಹಾಯುದ್ಧವು ಕೊನೆಗೆ ನಡೆಯುವುದೇ ಇಲ್ಲ. ಯಕ್ಷಗಾನದಲ್ಲಿ ಚೌಕಿಯಿಂದ ವೇಷ ಹೊರಟು, ಚೆಂಡೆಯ ಪೆಟ್ಟು ಏರಿ, ರಂಗಕ್ಕೆ ಬಂದ ಇಬ್ಬರು ವೀರರು ಮಾತಾಡಿಕೊಂಡು ಮನೆಗೆ ಹೋದರೆ ಕುಂಬಳೆಯ ಪ್ರೇಕ್ಷಕರು ಭಾಗವತರನ್ನು ಸುಮ್ಮನೆ ಬಿಟ್ಟಾರೆಯೆ?

ಹಾಗೆಂದು ಪುಸ್ತಕದಲ್ಲಿ ಗುಣವಿಲ್ಲವೆಂದರೆ ಅನ್ಯಾಯವಾದೀತು. ಮಳೆಯ ವರ್ಣನೆ ಚೆನ್ನಾಗಿದೆ. ಆಟಿ ತಿಂಗಳಿನಲ್ಲಿ ವಾರಗಟ್ಟಲೆ ಬಟ್ಟೆ ಒಣಗದ ಮನೆಗಳಲ್ಲಿ ಬೆಳೆದ ನಮ್ಮವರಿಗೆ ಆ ಊರು ಪರಕೀಯವೆನಿಸದು. ಎರಡನೆಯ ಸಂಪುಟದಲ್ಲಿ ಎಡ್ವರ್ಡ್ ಅವಳನ್ನು ತೊರೆದುಹೋದ ಮೇಲೆ ಲೇಖಕಿ ನಾಲ್ಕು ತಿಂಗಳ ಹೆಸರುಗಳನ್ನು ಮಾತ್ರ, ಪುಟಕ್ಕೊಂದರಂತೆ, ಅಚ್ಚು ಮಾಡಿಸಿದ್ದಾಳೆ: ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ. ಉಳಿದದ್ದೆಲ್ಲ ಬಿಳಿಯ ಕಾಗದ. ವಿರಹವನ್ನು ವರ್ಣಿಸಲು ನಮ್ಮ ಚಂಪೂ ಕವಿಗಳು ಚಂದ್ರ, ಚಂದನ, ಕೋಗಿಲೆಗಳನ್ನೆಲ್ಲ ದಣಿಸಿದ್ದಾರೆ. ಇಲ್ಲಿ ಮಾತಿಲ್ಲದೆಯೇ ಕೆಲಸವಾಗಿದೆ. ಈ ನಾಲ್ಕು ಹಾಳೆಗಳಿಗೆ ನಾವು ತಲೆಬಾಗುತ್ತೇವೆ.

ಪುಸ್ತಕವನ್ನು ಹಿಂದಿರುಗಿಸಲು ಹುಡುಗಿಯನ್ನು ಕಚೇರಿಗೆ ಕರೆಸಿದೆವು. ಬೈಗಳನ್ನು ನಿರೀಕ್ಷಿಸಿ ಬಂದಿದ್ದಳು. "ನಾವೂ ಓದಿದೆವು. ಇದರಲ್ಲಿ ನಿನಗೆ ಏನು ಇಷ್ಟವಾಯಿತು, ಹೇಳು" ಎಂದಾಗ ಅವಳಿಗೆ ನಂಬಿಕೆ ಬರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಅವನಿಗೆ ಎಲ್ಲರ ಮನಸ್ಸಿನದ್ದೂ ಕೇಳ್ತದೆ ಸರ್. ಅವಳದ್ದು ಮಾತ್ರ ಕೇಳುದಿಲ್ಲ. ಅದಕ್ಕೆ ಅವ ಅವಳ ಹತ್ರ ಕೇಳಿಯೇ ತಿಳ್ಕೊಳ್ಬೇಕು" ಎಂದಳು.

ನಾವು ಗಮನಿಸದೆ ದಾಟಿದ್ದ ಅಂಶ ಇದು. ಪರರ ಮನಸ್ಸನ್ನು ಓದಬಲ್ಲ ಎಡ್ವರ್ಡನಿಗೆ ಬೆಲ್ಲಾಳ ಮನಸ್ಸೊಂದು ಮಾತ್ರ ಮುಚ್ಚಿದ ಬಾಗಿಲು. ಕಥೆಯಲ್ಲಿ ಇದು ಸ್ಪಷ್ಟವಾಗಿದೆ. ಎರಡು ಕೋಣೆಯ ಮನೆಯಲ್ಲಿ ಏಳು ಜನರ ನಡುವೆ ಬದುಕುವ ಹುಡುಗಿಗೆ, ತನ್ನ ಮನಸ್ಸಿನಲ್ಲಿ ಏನಿದೆಯೆಂದು ತಾನು ಹೇಳುವ ಮೊದಲೇ ಅಜ್ಜಿ, ಅತ್ತೆ, ನೆರೆಯವರು, ಅಧ್ಯಾಪಕರು ಎಲ್ಲರೂ ತೀರ್ಮಾನಿಸಿಬಿಟ್ಟಿರುವ ಹುಡುಗಿಗೆ, ಯಾರಿಗೂ ಓದಲಾಗದ ಒಂದು ಮನಸ್ಸು ಎಷ್ಟು ದೊಡ್ಡ ಐಶ್ವರ್ಯ! ಅಮರತ್ವದ ಆಸೆ, ವಜ್ರದ ಮಿಂಚು ಇವುಗಳಿಗಾಗಿ ಈ ಮಕ್ಕಳು ಓದುತ್ತಾರೆಂದು ಭಾವಿಸಿದ್ದ ನಮ್ಮ ವಿಮರ್ಶೆ ಇಷ್ಟರ ಮಟ್ಟಿಗೆ ಕುರುಡಾಗಿತ್ತು.

ಆದರೂ ಒಂದು ಪ್ರಶ್ನೆಯನ್ನು ಬಿಡುವಂತಿರಲಿಲ್ಲ. ಇದೇ ಎಡ್ವರ್ಡ್ ರಾತ್ರಿಯ ಹೊತ್ತು ಅವಳಿಗೆ ಗೊತ್ತಿಲ್ಲದೆ ಅವಳ ಕೋಣೆಗೆ ಬಂದು ಮಲಗಿರುವವಳನ್ನು ನೋಡುತ್ತ ಕುಳಿತಿರುತ್ತಾನೆ. ಗೊತ್ತಾದಾಗ ಆಕೆಗೆ ಸಂತೋಷವೇ ಆಗುತ್ತದೆ. ಮೂರನೆಯ ಸಂಪುಟದಲ್ಲಿ ಅವಳು ಜೇಕಬ್ ಎಂಬ ಗೆಳೆಯನನ್ನು ಕಾಣಲು ಹೋಗದಂತೆ ಅವಳ ವಾಹನದ ಎಂಜಿನ್ನಿನ ಭಾಗವನ್ನೇ ಕಳಚಿಡುತ್ತಾನೆ. ಇವನ್ನೆಲ್ಲ ಪ್ರೇಮದ ಆಳವೆಂದು ಕಥೆ ಬಣ್ಣಿಸುತ್ತದೆ. ಹುಡುಗಿ ಇದಕ್ಕೆ ಕೂಡಲೇ ಉತ್ತರ ಕೊಟ್ಟಳು: "ಅದು ಕಥೆಯಲ್ಲಿ ಸರ್. ನಮ್ಮ ಮನೆಯ ಹಿಂದೆ ಯಾರಾದ್ರೂ ಹಾಗೆ ಬಂದು ನಿಂತ್ರೆ ಅಣ್ಣ ಬಿಡ್ಲಿಕ್ಕಿಲ್ಲ." ಒಳ್ಳೆಯ ಉತ್ತರವೇ. ಕಥೆ ಬೇರೆ, ಮನೆಯ ಹಿತ್ತಿಲು ಬೇರೆಯೆಂಬ ವಿವೇಕ ಮಕ್ಕಳಿಗಿದೆ. ಆದರೆ ಅವಳು 'ನಾನು ಬಿಡಲಿಕ್ಕಿಲ್ಲ' ಎನ್ನಲಿಲ್ಲ, 'ಅಣ್ಣ ಬಿಡ್ಲಿಕ್ಕಿಲ್ಲ' ಎಂದಳು. ಈ ಒಂದು ಶಬ್ದದ ಅಂತರ ನಮ್ಮನ್ನು ಈಗಲೂ ಕಾಡುತ್ತಿದೆ. ಕಾದಂಬರಿ ಈ ಅಂತರವನ್ನು ತುಂಬಬಹುದಾಗಿತ್ತು, ತುಂಬಲಿಲ್ಲ. ಬೆಲ್ಲಾಳನ್ನು ಸದಾ ಯಾರಾದರೂ ಕಾಪಾಡುತ್ತಿರಬೇಕೆಂಬ ಟೀಕೆ ಲೇಖಕಿಗೂ ತಟ್ಟಿದಂತಿದೆ. 2015ರಲ್ಲಿ, ಹತ್ತನೆಯ ವರ್ಷದ ನೆನಪಿಗೆ, ಅದೇ ಕಥೆಯನ್ನು ಗಂಡು ಹೆಣ್ಣುಗಳನ್ನು ಅದಲುಬದಲು ಮಾಡಿ 'ಲೈಫ್ ಅಂಡ್ ಡೆತ್' ಎಂದು ಪ್ರಕಟಿಸಿದಳು. ಲಿಂಗ ಬದಲಾದರೂ ದೋಷ ಬದಲಾಗಲಿಲ್ಲ. ಹೊಂಚಿ ನೋಡುವುದು ಹೆಣ್ಣು ಮಾಡಿದರೂ ಹೊಂಚುವುದೇ.

ಅಮಾನುಷ ಪ್ರಣಯ ನಮಗೆ ಹೊಸತಲ್ಲವಷ್ಟೆ. ಎ.ಕೆ. ರಾಮಾನುಜನ್ ಹೇಳಿದ ಎರಡು ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು ಹೆಣೆದ 'ನಾಗಮಂಡಲ'ವನ್ನು (1988) ಇದರ ಪಕ್ಕದಲ್ಲಿಟ್ಟು ನೋಡಬಹುದು. ಗಂಡ ಅಪ್ಪಣ್ಣ ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ ಹೋಗುತ್ತಾನೆ. ಅವನಿಗೆಂದು ಬೇರು ಅರೆದು ಹಾಕಿದ ಸಾರು ರಕ್ತದಂತೆ ಕೆಂಪಾದಾಗ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಅದನ್ನು ಕುಡಿದ ನಾಗ ರಾತ್ರಿ ಗಂಡನ ರೂಪದಲ್ಲಿ ಬರುತ್ತಾನೆ. ಇಲ್ಲಿಯೂ ರಾತ್ರಿ ಬರುವವನು ಒಂದು ವಂಚನೆಯನ್ನು ಹೊತ್ತೇ ಬರುತ್ತಾನೆ. ಆದರೆ ನಾಟಕಕಾರರು ಆ ವಂಚನೆಯನ್ನು ಮರೆಯುವುದಿಲ್ಲ, ಮರೆಯಗೊಡುವುದೂ ಇಲ್ಲ. ಬಸಿರಾದ ರಾಣಿ ಊರ ಪಂಚರ ಮುಂದೆ ಹಾವನ್ನೇ ಹಿಡಿದು ಪ್ರಮಾಣ ಮಾಡಬೇಕಾಗುತ್ತದೆ. ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲವೆಂಬ ಅವಳ ಮಾತು ಅಕ್ಷರಶಃ ನಿಜ. ನಾಗನೂ ಬೆಲೆ ತೆರುತ್ತಾನೆ: ಒಂದು ಮುಕ್ತಾಯದಲ್ಲಿ ಅವಳ ಕೂದಲಿಗೇ ಸುತ್ತಿಕೊಂಡು ಸಾಯುತ್ತಾನೆ, ಇನ್ನೊಂದರಲ್ಲಿ ಆ ಕೂದಲಿನಲ್ಲಿ ಅಡಗಿ ಬದುಕುತ್ತಾನೆ. ಮುಕ್ತಾಯ ಹೇಗೇ ಇರಲಿ, ರಾಣಿಗೆ ಒಂದು ಅರಿವು ಬಂದಿರುತ್ತದೆ. ಔಚಿತ್ಯವೆಂದು ನಾವು ಹೇಳಿದ್ದು ಇದನ್ನು.

ಗಡಿಯಾಚೆ ನೋಡುವ ಅಗತ್ಯವೂ ನಮಗಿಲ್ಲ, ನಾವು ಇರುವುದೇ ಯಕ್ಷಿಯರ ನಾಡಿನಲ್ಲಿ. ಕೊಟ್ಟಾರತ್ತಿಲ್ ಶಂಕುಣ್ಣಿಯವರು 1909ರಿಂದ ಪ್ರಕಟಿಸತೊಡಗಿದ 'ಐತಿಹ್ಯಮಾಲೆ'ಯಲ್ಲಿ ಯಕ್ಷಿಯ ಕಥೆಗಳು ಎಷ್ಟಿಲ್ಲ? ಮಲೆಯಾಳದ ಐತಿಹ್ಯಗಳಲ್ಲಿ ಯಕ್ಷಿ ಪಾಲೆ ಮರದಲ್ಲೋ ತಾಳೆ ಮರದಲ್ಲೋ ನೆಲೆಸಿ, ದಾರಿಹೋಕನಲ್ಲಿ ವೀಳ್ಯಕ್ಕೆ ಸುಣ್ಣ ಕೇಳುವ ಚೆಲುವೆ. ಅದೇ ಪಾಲೆಯ ಕೆತ್ತೆಯ ಕಷಾಯವನ್ನು ಆಟಿ ಅಮಾವಾಸ್ಯೆಯ ಬೆಳಗ್ಗೆ ಮುಖ ಸಿಂಡರಿಸಿಕೊಂಡು ನಾವೆಲ್ಲ ಕುಡಿದವರೇ. ಈ ಐತಿಹ್ಯವನ್ನು ಮಲಯಾಟ್ಟೂರ್ ರಾಮಕೃಷ್ಣನ್ 1967ರಲ್ಲಿ 'ಯಕ್ಷಿ' ಎಂಬ ಕಾದಂಬರಿಯಾಗಿ ಮಾಡಿದರು. ಪ್ರಯೋಗಶಾಲೆಯ ಅಪಘಾತದಲ್ಲಿ ಮುಖ ಸುಟ್ಟುಕೊಂಡ ಕಾಲೇಜು ಅಧ್ಯಾಪಕ ಶ್ರೀನಿವಾಸನ್. ಅವನ ವಿಕಾರವನ್ನು ಲೆಕ್ಕಿಸದೆ ಕೈಹಿಡಿದ ಸುಂದರಿ ರಾಗಿಣಿ. ಇಷ್ಟು ಚೆಲುವೆಯಾದವಳು ತನ್ನನ್ನು ಪ್ರೀತಿಸಲು ಹೇಗೆ ಸಾಧ್ಯ, ಇವಳು ಯಕ್ಷಿಯೇ ಇರಬೇಕು ಎಂಬ ಸಂದೇಹ ಅವನನ್ನು ಕೊಲೆಯವರೆಗೆ ಒಯ್ಯುತ್ತದೆ. ಟ್ವೈಲೈಟಿನಲ್ಲಿ ಹೆಣ್ಣು ಪಿಶಾಚಿಯನ್ನು ಮನುಷ್ಯನೆಂದು ನಂಬುತ್ತಾಳೆ, ಅದು ಪ್ರಣಯ. ಇಲ್ಲಿ ಗಂಡು ಮನುಷ್ಯಳನ್ನು ಪಿಶಾಚಿಯೆಂದು ನಂಬುತ್ತಾನೆ, ಅದು ಕೊಲೆ. ಹದಿಹರೆಯದವರಿಗೆಂದು ಬರೆದದ್ದಲ್ಲವಾದರೂ ಹನ್ನೊಂದು ಹನ್ನೆರಡನೆಯ ತರಗತಿಯ ಮಕ್ಕಳು ಓದಿ ಚರ್ಚಿಸತಕ್ಕ ಪುಸ್ತಕವೆಂದು ನಾವು ತಿಳಿಯುತ್ತೇವೆ.

ಟ್ವೈಲೈಟಿನ ಬಗ್ಗೆ ಇನ್ನೊಂದು ಮಾತನ್ನು ಗಡಿನಾಡಿನವರಾದ ನಾವು ಹೇಳದಿದ್ದರೆ ಮತ್ತಾರು ಹೇಳಬೇಕು? ಜೇಕಬ್ ಕಲ್ಪಿತ ಜನಾಂಗದವನಲ್ಲ. ಕ್ವಿಲಿಯೂಟ್ ಎಂಬ ಆದಿವಾಸಿ ಜನ ವಾಷಿಂಗ್ಟನ್ ರಾಜ್ಯದ ಸಮುದ್ರತೀರದ ಲಾ ಪುಷ್ ಎಂಬಲ್ಲಿ ನಿಜವಾಗಿ ಇದ್ದಾರೆ. ತಮ್ಮ ಮೂಲಪುರುಷರು ತೋಳಗಳಿಂದ ಮನುಷ್ಯರಾದವರೆಂಬುದು ಅವರ ಪರಂಪರೆಯ ಕಥೆ. ಲೇಖಕಿ ಆ ತೋಳಗಳನ್ನು ತೆಗೆದುಕೊಂಡು, ಪಿಶಾಚಿಗಳ ವೈರಿಗಳಾದ ತೋಳಮನುಷ್ಯರನ್ನಾಗಿ ಮಾಡಿದಳು. ಪಿಶಾಚಿವೈರದ ಭಾಗ ಅವರ ಪರಂಪರೆಯದಲ್ಲ. ಕಾದಂಬರಿಯೂ ಸಿನಿಮಾವೂ ಗೆದ್ದ ಮೇಲೆ ಪ್ರವಾಸಿಗಳು ಹಿಂಡುಹಿಂಡಾಗಿ ಬಂದರು. ಅವರ ಹೆಸರಿನ ಆಭರಣಗಳೂ ಅಂಗಿಗಳೂ ಎಲ್ಲೆಲ್ಲೋ ಮಾರಾಟವಾದುವು. ಆ ಜನರದು ಸುಮಾರು ಒಂದು ಚದರ ಮೈಲಿಯ ನೆಲ, ಅದೂ ಕಡಲ ಮಟ್ಟದಲ್ಲಿ. ಸುನಾಮಿಗೆ ಅಂಜಿ ಎತ್ತರದ ನೆಲಕ್ಕಾಗಿ ಬಹುಕಾಲ ಕೇಳಿಕೊಂಡ ಮೇಲೆ 2012ರಲ್ಲಿ ಅಮೆರಿಕದ ಶಾಸನವೊಂದು ಪಕ್ಕದ ರಾಷ್ಟ್ರೀಯ ಉದ್ಯಾನದಿಂದ ಸ್ವಲ್ಪ ಭೂಮಿಯನ್ನು ಬಿಟ್ಟುಕೊಟ್ಟಿತು. ಅವರ ಭಾಷೆಯನ್ನು ನಿರರ್ಗಳವಾಗಿ ಆಡಬಲ್ಲ ತಲೆಮಾರು ಇಪ್ಪತ್ತನೆಯ ಶತಮಾನದ ಕೊನೆಗೇ ಮುಗಿದುಹೋಯಿತು. ಕೆಲವಾದರೂ ಮಾತುಗಳು ಮಕ್ಕಳ ಬಾಯಲ್ಲಿ ಉಳಿಯಲೆಂದು ಅಲ್ಲಿಯವರು ಈಗಲೂ ಹೆಣಗುತ್ತಿದ್ದಾರೆ. ಈ ಯಾವ ಸಂಗತಿಯೂ ನಾಲ್ಕು ಸಂಪುಟಗಳ ಸಾವಿರಾರು ಪುಟಗಳಲ್ಲಿ ಬರುವುದಿಲ್ಲ. ಜೇಕಬನಿಗೆ ಸಿಟ್ಟಿದೆ, ತೋಳ್ಬಲವಿದೆ, ಮೈಬಿಸಿಯಿದೆ. ಅವನ ಊರಿಗೆ ಒಂದು ಭಾಷೆಯಿತ್ತೆಂಬುದು ವಾಚಕನಿಗೆ ತಟ್ಟುವುದೇ ಇಲ್ಲ. ನಮ್ಮ ಭೂತಕೋಲಗಳನ್ನೂ ತೆಯ್ಯಗಳನ್ನೂ ದೂರದವರು ಬಂದು ಬಣ್ಣದ ಚಿತ್ರವಾಗಿ ಮಾತ್ರ ಕೊಂಡೊಯ್ಯುವಾಗ ನಮಗಾಗುವ ಸಂಕಟವನ್ನು ನೆನೆದುಕೊಂಡರೆ, ಲಾ ಪುಷಿನ ಅಧ್ಯಾಪಕನೊಬ್ಬ ಈ ಪುಸ್ತಕವನ್ನು ತನ್ನ ವಿದ್ಯಾರ್ಥಿಯ ಕೈಯಿಂದ ಕಸಿದುಕೊಂಡಾಗ ಏನೆಂದುಕೊಂಡಾನೆಂದು ಊಹಿಸಬಹುದು.

ಹಾಗಾದರೆ ಇಂಥ ಪುಸ್ತಕಗಳನ್ನು ಶಾಲೆಯ ಕಪಾಟಿನಲ್ಲಿ ಇಡಬಹುದೆ? ಸಿಬ್ಬಂದಿ ಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಿದಾಗ ಹಿರಿಯರೊಬ್ಬರು, "ಮಕ್ಕಳು ಕನ್ನಡ ಓದುವುದೇ ಕಷ್ಟ, ಇನ್ನು ಈ ಪಿಶಾಚಿಗಳನ್ನು ನಾವೇ ದುಡ್ಡು ಕೊಟ್ಟು ತರುವುದೆ?" ಎಂದರು. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಕನ್ನಡ ವಿಭಾಗಗಳಲ್ಲಿ ಮಕ್ಕಳ ಸಂಖ್ಯೆಯನ್ನು ಜೂನ್ ತಿಂಗಳಲ್ಲಿ ಬೆರಳೆಣಿಸುತ್ತ ಕೂರುವ ನಮಗೆ ಬೇರೆ ಭಾಷೆಯ ಒಂದೊಂದು ಪುಸ್ತಕವೂ ಶತ್ರುವಾಗಿ ಕಾಣುವುದು ಸಹಜ. ಆದರೆ ಆ ಅಂಚುಗಳ ಪೆನ್ಸಿಲ್ ಬರಹ ನೆನಪಾಯಿತು. ಅವಳು ಪ್ರತಿ ಕಷ್ಟಶಬ್ದಕ್ಕೂ ಅರ್ಥ ಬರೆದುಕೊಂಡದ್ದು ಕನ್ನಡದಲ್ಲಿ. 'ಅಬ್ಸೆನ್ಸ್' ಎಂಬುದರ ಪಕ್ಕದಲ್ಲಿ ನಿಘಂಟಿನ 'ಗೈರುಹಾಜರಿ'ಯನ್ನು ಬರೆದು, ಹೊಡೆದುಹಾಕಿ, 'ಇಲ್ಲದಿರುವುದು' ಎಂದು ತಿದ್ದಿದ್ದಳು. ಹಾಜರಿ ಪುಸ್ತಕದ ಶಬ್ದ ವಿರಹಕ್ಕೆ ಹೊಂದುವುದಿಲ್ಲವೆಂದು ತಿಳಿಯುವ ಕಿವಿ ಅವಳಿಗಿದೆ. ಕನ್ನಡ ಅಲ್ಲಿ ಸೋತಿರಲಿಲ್ಲ. ಸಭೆ ಒಮ್ಮತಕ್ಕೆ ಬರಲಿಲ್ಲ. ಪುಸ್ತಕ ಕೊಳ್ಳುವುದು ಬೇಡ, ಮಕ್ಕಳು ತಂದರೆ ಕಸಿಯುವುದೂ ಬೇಡ, ಅದರ ಜತೆಗೆ ಇನ್ನೊಂದನ್ನು ಕೊಡುವುದು ಎಂದಷ್ಟೆ ನಿಶ್ಚಯಿಸಿದೆವು.

ಅದರಂತೆ ಆ ಹುಡುಗಿಗೆ 'ನಾಗಮಂಡಲ'ವನ್ನೂ, ನಮ್ಮದೇ ಪ್ರತಿಯಾದ ಲೆ ಗ್ವಿನ್ನಳ ಪುಸ್ತಕವನ್ನೂ ಕೊಟ್ಟೆವು. ನಾಟಕವನ್ನು ಎರಡೇ ದಿನದಲ್ಲಿ ತಂದು ಒಪ್ಪಿಸಿ, "ಅವಳಿಗೆ ಗೊತ್ತಿತ್ತು ಸರ್, ಗೊತ್ತಿಲ್ಲದ ಹಾಗೆ ಮಾಡ್ತಿದ್ದದ್ದು" ಎಂದಳು. ಇನ್ನೊಂದು ಹಿಂದೆ ಬರಲು ಕ್ರಿಸ್‌ಮಸ್ ರಜೆ ಕಳೆಯಿತು. ಅರ್ತ್‌ಸೀಯನ್ನು ಮೆಚ್ಚಿ ಮಾತಾಡುವಳೆಂದು ನಾವು ಕಾದಿದ್ದೆವು. "ಚೆನ್ನಾಗಿದೆ ಸರ್. ಆದ್ರೆ ಅದರಲ್ಲಿ ಹುಡುಗಿಯರೇ ಇಲ್ಲ" ಎಂದಳು.

ಆಕ್ಷೇಪ ಸರಿಯಾದದ್ದೇ. ಆ ಮಂತ್ರಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ಲೆ ಗ್ವಿನ್ನಳಿಗೇ ಈ ಕೊರತೆ ಕಾಡಿ, 1990ರಲ್ಲಿ 'ತೆಹಾನು' ಎಂಬ ನಾಲ್ಕನೆಯ ಕಾದಂಬರಿಯಲ್ಲಿ ತಾನೇ ಕಟ್ಟಿದ ಲೋಕವನ್ನು ಹೆಂಗಸರ ಕಡೆಯಿಂದ ಮತ್ತೊಮ್ಮೆ ನೋಡಿದ್ದಾಳೆ. ಅದಕ್ಕೂ ಮೊದಲು, 1971ರಲ್ಲಿ ಬಂದ ಎರಡನೆಯ ಭಾಗ 'ದಿ ಟೂಂಬ್ಸ್ ಆಫ್ ಅಟುವಾನ್', ಹೆಸರನ್ನೇ ಕಸಿದುಕೊಂಡು ಗೋರಿಗಳ ಪೂಜಾರಿಣಿಯನ್ನಾಗಿ ಮಾಡಿದ ತೆನಾರ್ ಎಂಬ ಹುಡುಗಿಯ ಕಥೆ. ಅದು ನಮ್ಮಲ್ಲಿಲ್ಲ. ಮಂಗಳೂರಿನ ಅಂಗಡಿಗೆ ಬರೆದಿದ್ದೇವೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುವುದರೊಳಗೆ ಬಂದರೆ ಅವಳ ಕೈಗೆ ಕೊಡಬೇಕು.